ಗುಜರಿಗೋ, ಗಾಜಿನ ಕಪಾಟಿಗೋ? ಹಳೆ ಕಂಪ್ಯೂಟರ್ ‘ಟಿ.ವಿ.’ಗಳ ಪಾಡು

ಅಲೆವೂರು: ಹಳೆ ಕಬ್ಬಿಣ, ಹಳೆ ಪೇಪರ್, ಹಳೆ ಬ್ಯಾಟರಿ ಎಂದು ಮೈಕಿನಲ್ಲಿ ಕೂಗಿಕೊಂಡು ಬರುವ ಗುಜರಿ ಗಾಡಿಯವರ ಪಟ್ಟಿಗೆ ಈಗ ‘ಹಳೆ ಟಿ.ವಿ., ಹಳೆ ಕಂಪ್ಯೂಟರ್’ ಕೂಡ ಸೇರಿಕೊಂಡಿದೆ. ಅಲೆವೂರಿನಿಂದ ಮಣಿಪಾಲದವರೆಗಿನ ರಸ್ತೆಯ ಇಕ್ಕೆಲದ ಮನೆ, ಅಂಗಡಿ, ಕಚೇರಿಗಳ ಅಟ್ಟದಲ್ಲಿ ಬೆನ್ನು ಗೂನಾದ, ಇಬ್ಬರು ಹಿಡಿದರೆ ಮಾತ್ರ ಸಲೀಸಾಗಿ ಇಳಿಸಬಹುದಾದ ಆ ಭಾರದ ಮಾನಿಟರುಗಳು ಎಷ್ಟೋ ಇದ್ದಿರಬೇಕು. ಒಂದು ಕಾಲಕ್ಕೆ ಮನೆಯ ಮುಂದಿನ ಕೋಣೆಯಲ್ಲಿ ಕಸೂತಿ ಬಟ್ಟೆ ಹೊದೆಸಿ ಇಟ್ಟ ಸಾಮಾನು ಅದು. ಈಗ ಸಾಗಿಸಿದರೆ ಸಾಕೆಂಬ ಸ್ಥಿತಿ.

ಗುಜರಿಯವನಿಗೆ ಬೇಕಾದ್ದು ಅದರ ಕತ್ತಿಗೆ ಸುತ್ತಿರುವ ತಾಮ್ರದ ಸುರುಳಿ. ಅದನ್ನು ಕಿತ್ತ ಮೇಲೆ ಉಳಿಯುವ ಗಾಜಿನ ಬುರುಡೆ ತೋಡಿನ ಬದಿಗೋ, ಕಲ್ಲುಕೋರೆಯ ಹೊಂಡಕ್ಕೋ ಬೀಳುತ್ತದೆ. ಇದರಲ್ಲಿ ಎರಡು ವಿಷಯಗಳು ಕೂಡಿಕೊಂಡಿವೆ. ಒಂದು, ಆ ಗಾಜು ಸಾಮಾನ್ಯ ಗಾಜಲ್ಲ, ವಿಷವುಳ್ಳ ಗಾಜು. ಎರಡು, ಅದು ನಮ್ಮೂರಿಗೆ ಕಂಪ್ಯೂಟರು ಬಂದ ಚರಿತ್ರೆಯ ಸಾಕ್ಷಿ. ಎರಡನ್ನೂ ಒಂದೇ ಸುತ್ತಿಗೆಯಲ್ಲಿ ಒಡೆದು ಹಾಕುತ್ತಿದ್ದೇವೆ. ಈ ವಾರ ಅದನ್ನೇ ಸ್ವಲ್ಪ ವಿಚಾರಿಸೋಣ ಎಂದು ಹೊರಟದ್ದು.

ಬ್ಯಾಂಕಿನ ಕೌಂಟರಿನಲ್ಲಿ ಹಸಿರು ಅಕ್ಷರ

ಉಡುಪಿ ಬ್ಯಾಂಕುಗಳ ತೊಟ್ಟಿಲು ಎಂಬುದನ್ನು ಬಸ್ಸಿನಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1906ರಲ್ಲಿ ಇಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಹುಟ್ಟಿ ಮುಂದೆ ಮಣಿಪಾಲದಲ್ಲಿ ಪ್ರಧಾನ ಕಚೇರಿ ಇಟ್ಟುಕೊಂಡ ಸಿಂಡಿಕೇಟ್ ಬ್ಯಾಂಕು, ಎರಡೂ 2020ರ ಏಪ್ರಿಲ್ ಒಂದರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಕೆನರಾ ಬ್ಯಾಂಕಿನಲ್ಲಿ. ಜನ ಬೋರ್ಡು ಬದಲಾದದ್ದನ್ನು ಗಮನಿಸಿದರು, ಬೇಸರಪಟ್ಟರು. ಆದರೆ ಕೌಂಟರಿನ ಹಿಂದಿನ ಯಂತ್ರಗಳು ಬದಲಾದಾಗ ಯಾರೂ ಬೇಸರಪಟ್ಟದ್ದಿಲ್ಲ.

ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿ ವರದಿ ಕೊಟ್ಟದ್ದು 1984ರಲ್ಲಿ. ಕಂಪ್ಯೂಟರ್ ಎಂದು ಬಾಯಿ ಬಿಟ್ಟು ಹೇಳಿದರೆ ನೌಕರರ ಸಂಘದವರಿಗೆ ಸಿಟ್ಟು ಬರುತ್ತಿದ್ದ ಕಾಲ. ಕೆಲಸ ಹೋದರೆ ಯಾರು ಕೇಳುವವರು? ಹಾಗಾಗಿ ಶಾಖೆಗಳಿಗೆ ಬಂದ ಪೆಟ್ಟಿಗೆಗೆ ‘ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮೆಷಿನ್’ ಎಂಬ ಉದ್ದದ ಹೆಸರು. ಹೆಸರು ಏನೇ ಇರಲಿ, ಅದು ಕಂಪ್ಯೂಟರೇ. ಅದರ ಮೇಲೊಂದು ಪುಟ್ಟ ಪರದೆ, ಕಪ್ಪಿನ ಮೇಲೆ ಹಸಿರು ಇಲ್ಲವೇ ಅರಶಿನ ಬಣ್ಣದ ಅಕ್ಷರ. ದಪ್ಪ ಲೆಡ್ಜರಿನಲ್ಲಿ ಬೆರಳಿಟ್ಟು ಹುಡುಕುತ್ತಿದ್ದ ಗುಮಾಸ್ತರು ಆ ಪರದೆಯ ಮುಂದೆ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದುದು ಐವತ್ತು ದಾಟಿದ ಓದುಗರಿಗೆ ನೆನಪಿದ್ದೀತು.

ಅಂಗಡಿಯವರೂ ಹಿಂದೆ ಬೀಳಲಿಲ್ಲ. ತೊಂಬತ್ತರ ದಶಕದಲ್ಲಿ ಬಿಲ್ಲಿಂಗಿಗೆ ಒಂದು ಕಂಪ್ಯೂಟರು, ಕರಕರ ಎಂದು ಕಿರುಚುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಬಂತು. ಪಕ್ಕದ ಅಂಗಡಿಯವರು ಇಣುಕಿ ನೋಡಿ ಹೋಗುತ್ತಿದ್ದರು. ಹಳೆ ಡಾಸ್ ಪ್ರೋಗ್ರಾಮು ಸರಿ ನಡೆಯುತ್ತದೆ ಎಂದು ಕೆಲವರು ಬಹಳ ವರ್ಷ ಅದನ್ನು ಬಿಡಲೇ ಇಲ್ಲ. ಸರಿ ನಡೆಯುವುದನ್ನು ಬಿಡುವುದು ನಮ್ಮ ಕಡೆಯ ವ್ಯಾಪಾರಿಗಳ ಜಾಯಮಾನವಲ್ಲ ತಾನೆ!

ಹದಿನಾಲ್ಕು ಚುಕ್ಕಿಯೊಳಗೆ ‘ಸ್ತ್ರೀ’

ಪರದೆಯ ಇತಿಹಾಸ ಕನ್ನಡದವರಿಗೆ ಯಾಕೆ ಮುಖ್ಯ ಎಂದು ಕೇಳುವವರಿಗೆ ಒಂದು ಲೆಕ್ಕ. 1981ರಲ್ಲಿ ಐ.ಬಿ.ಎಂ. ಕಂಪೆನಿ ತನ್ನ ಪಿ.ಸಿ.ಯ ಜೊತೆ ಕೊಟ್ಟ ಹಸಿರು ಪರದೆಯಲ್ಲಿ ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 25 ಸಾಲು. ಒಂದೊಂದು ಅಕ್ಷರಕ್ಕೆ ಸಿಕ್ಕಿದ ಜಾಗ ಅಡ್ಡ 9 ಚುಕ್ಕಿ, ಎತ್ತರ 14 ಚುಕ್ಕಿ. ಅದರಲ್ಲಿ ಇಂಗ್ಲಿಷಿನ ‘ಎ’ ಕಾಲು ಚಾಚಿ ಮಲಗಿದರೂ ಜಾಗ ಮಿಗುತ್ತದೆ. ನಮ್ಮ ‘ಸ್ತ್ರೀ’ ಎಂಬ ಅಕ್ಷರವನ್ನು ಕೂರಿಸಿ ನೋಡಿ. ಮೇಲೆ ಗುಡಿಸು, ನಡುವೆ ಸಕಾರ, ಕೆಳಗೆ ತಕಾರದ ಒತ್ತು, ಅದರ ಬುಡಕ್ಕೆ ರಕಾರದ ಸುಳಿ, ಪಕ್ಕಕ್ಕೆ ದೀರ್ಘ. ಅಟ್ಟ, ಉಪ್ಪರಿಗೆ, ನೆಲಮಾಳಿಗೆ ಎಲ್ಲ ಇರುವ ಗುತ್ತಿನ ಮನೆಯನ್ನು ಬಸ್ ಸ್ಟ್ಯಾಂಡಿನ ಗೂಡಂಗಡಿಯೊಳಗೆ ಕೂರಿಸಿದ ಹಾಗೆ!

ಈ ಇಕ್ಕಟ್ಟಿಗೆ ಉತ್ತರವಾಗಿ ಬಂದದ್ದು ‘ಜಿಸ್ಟ್’ ಎಂಬ ಕಾರ್ಡು. ಕಾನ್ಪುರದ ಐ.ಐ.ಟಿ.ಯಲ್ಲಿ ಎಂಬತ್ತರ ದಶಕದಲ್ಲಿ ಮೊಳೆತು, ಮುಂದೆ ಪುಣೆಯ ಸಿ-ಡಾಕ್ ಸಂಸ್ಥೆಯಲ್ಲಿ ಬೆಳೆದದ್ದು. ಕಂಪ್ಯೂಟರಿನ ಒಳಗೆ ಅದನ್ನು ಸಿಕ್ಕಿಸಿದರೆ ಕನ್ನಡವೂ ಸೇರಿ ನಮ್ಮ ದೇಶದ ಲಿಪಿಗಳು ಅದೇ ಪರದೆಯ ಮೇಲೆ ಮೂಡುತ್ತಿದ್ದವು. ಇನ್ನು ನಮ್ಮ ಜಿಲ್ಲೆಗೆ ಹತ್ತಿರದ ಹೆಸರೆಂದರೆ ಕಿನ್ನಿಕಂಬಳದ ಕೆ.ಪಿ. ರಾವ್. ಅಕ್ಷರ ಜೋಡಣೆಯ ತಂತ್ರದಲ್ಲಿ ದುಡಿದ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲೇ ಇಂದು ಸಾವಿರಾರು ಜನ ಕನ್ನಡ ಟೈಪು ಮಾಡುತ್ತಾರೆ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಈ ತಲೆಮಾರಿನವರೆಲ್ಲ ಕಣ್ಣು ನೋಯಿಸಿಕೊಂಡು ಕನ್ನಡವನ್ನು ಕಂಡದ್ದು ಇಂಥ ಗೂನುಬೆನ್ನಿನ ಗಾಜಿನ ಮೇಲೆಯೇ.

ಇನ್ನೊಂದು ಸೂಕ್ಷ್ಮ ಉಂಟು. ಆಗಿನ ಚುಕ್ಕಿ ಅಕ್ಷರಗಳನ್ನು ಇಂದಿನ ಚಪ್ಪಟೆ ಪರದೆಯಲ್ಲಿ ಹಾಕಿದರೆ ಮೆಟ್ಟಿಲು ಮೆಟ್ಟಿಲಾಗಿ, ಕಲ್ಲು ಕಟ್ಟಿದ ಹಾಗೆ ಕಾಣುತ್ತವೆ. ಹಳೆ ಪರದೆಯಲ್ಲಿ ಹಾಗೆ ಕಾಣುತ್ತಿರಲಿಲ್ಲ. ಪ್ರತಿ ಚುಕ್ಕಿಯ ಅಂಚು ಸ್ವಲ್ಪ ಹರಡಿ, ಪಕ್ಕದ ಚುಕ್ಕಿಯ ಜೊತೆ ಬೆರೆತು, ಅಕ್ಷರ ದುಂಡಗೆ ಕಾಣುತ್ತಿತ್ತು. ಅಕ್ಷರ ಬಿಡಿಸಿದವರು ಆ ಹರಡುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ಬಿಡಿಸಿದ್ದು. ಫೋಟೋ ತೆಗೆದಿಟ್ಟರೆ ಸಾಲದೇ ಎನ್ನುವವರಿಗೆ ಇದೇ ಉತ್ತರ: ಸಾಲದು.

ಟ್ಯೂಬಿನೊಳಗಿನ ನೇಜಿ

ಕೆಲಸ ಮಾಡುವ ಕ್ರಮ ಸರಳ. ಜರ್ಮನಿಯ ಬ್ರೌನ್ ಎಂಬ ವಿಜ್ಞಾನಿ 1897ರಲ್ಲಿ ಮಾಡಿ ತೋರಿಸಿದ ಟ್ಯೂಬಿನ ಮೊಮ್ಮಗ ಇದು. ಗಾಳಿ ತೆಗೆದ ಗಾಜಿನ ಬುರುಡೆ. ಹಿಂದಿನ ಕತ್ತಿನಲ್ಲಿ ಕಾಯುವ ಪುಟ್ಟ ತಂತಿ, ಅಲ್ಲಿಂದ ಹೊರಡುವ ಇಲೆಕ್ಟ್ರಾನುಗಳು ಮುಂದಿನ ಗಾಜಿಗೆ ಒಳಗಿನಿಂದ ಬಳಿದ ಪುಡಿಗೆ ಬಡಿದಾಗ ಬೆಳಕು. ಕತ್ತಿಗೆ ಸುತ್ತಿದ ತಾಮ್ರದ ಸುರುಳಿ, ಅಂದರೆ ಗುಜರಿಯವನಿಗೆ ಪ್ರಿಯವಾದ ಆ ‘ಯೋಕ್’, ಇಲೆಕ್ಟ್ರಾನಿನ ಧಾರೆಯನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಎಳೆಯುತ್ತದೆ. ಗದ್ದೆಯಲ್ಲಿ ಸಾಲು ಹಿಡಿದು ನೇಜಿ ನೆಡುವ ಹಾಗೆಯೇ. ವ್ಯತ್ಯಾಸವೆಂದರೆ ಇಲ್ಲಿ ಇಡೀ ಗದ್ದೆಯನ್ನು ಸೆಕೆಂಡಿಗೆ 50 ಬಾರಿ ನೆಟ್ಟಾಗುತ್ತದೆ. ಆ ಐ.ಬಿ.ಎಂ. ಹಸಿರು ಪರದೆಯಲ್ಲಿ ಸೆಕೆಂಡಿಗೆ ಹದಿನೆಂಟು ಸಾವಿರಕ್ಕೂ ಮಿಕ್ಕಿ ಸಾಲು. ಹಳೆ ಟಿ.ವಿ. ಹಾಕಿದಾಗ ಮಕ್ಕಳಿಗೆ ಮಾತ್ರ ಕೇಳಿಸುತ್ತಿದ್ದ ‘ಕುಂಯ್’ ಎಂಬ ಸಣ್ಣ ಸ್ವರ ಇದೇ ಸಾಲೆಳೆಯುವ ಸ್ವರ. ಟಿ.ವಿ.ಯದ್ದು ಸೆಕೆಂಡಿಗೆ 15,625 ಸಾಲು. ವಯಸ್ಸಾದ ಕಿವಿಗೆ ಅದು ತಾಗುವುದಿಲ್ಲ. ಅಜ್ಜ ಇಲ್ಲವೆನ್ನುವುದು, ಮೊಮ್ಮಗ ಕೇಳಿಸುತ್ತದೆ ಎನ್ನುವುದು. ಇಬ್ಬರೂ ಹೇಳಿದ್ದು ಸತ್ಯ.

ಮೆಕ್ಯಾನಿಕರ ಮೇಜಿನ ಬಳಿ

ಟಿ.ವಿ. ರಿಪೇರಿಯಲ್ಲೇ ತಲೆ ನರೆತ ಮೆಕ್ಯಾನಿಕ್ ಒಬ್ಬರನ್ನು ಮಾತನಾಡಿಸಿದೆ. ಹೆಸರು ಹಾಕುವುದು ಬೇಡ ಎಂದರು. “ಹೆಸರು ಹಾಕಿದರೆ ನಾಳೆ ಎಲ್ಲರೂ ಹಳೆ ಸೆಟ್ಟು ತಂದು ಇಳಿಸ್ತಾರೆ ಮಾರಾಯ್ರೆ, ಇಡ್ಲಿಕ್ಕೆ ಜಾಗ ಇಲ್ಲ” ಎಂಬುದು ಅವರ ಕಾರಣ. ಈಗ ಅವರ ಕೆಲಸವೆಲ್ಲ ಎಲ್.ಇ.ಡಿ. ಟಿ.ವಿ.ಗಳದ್ದು. ಬೋರ್ಡು ಹೋದರೆ ಬೋರ್ಡೇ ಬದಲು.

“ಅದರಲ್ಲಿ ರಿಪೇರಿ ಎಂತ ಉಂಟು? ಪಾರ್ಸೆಲು ಬಿಚ್ಚುದು, ಸಿಕ್ಕಿಸುದು. ಹಳೆ ಮಾನಿಟರಿನಲ್ಲಿ ಆದ್ರೆ ಡಾಕ್ಟ್ರು ನಾಡಿ ಹಿಡಿದ ಹಾಗೆ, ಲಕ್ಷಣ ನೋಡಿಯೇ ಹೇಳ್ಬೇಕು.”

ಆ ಲಕ್ಷಣಗಳನ್ನು ಅವರು ಹೇಳಿದ್ದು ಕೇಳಲು ಸೊಗಸು. ಪರದೆಯ ನಡುವೆ ಒಂದೇ ಒಂದು ಅಡ್ಡಗೆರೆ ಉಳಿದರೆ ಮೇಲೆ ಕೆಳಗೆ ಎಳೆಯುವ ವಿಭಾಗ ಸತ್ತಿದೆ ಎಂದರ್ಥ. ಟಿಕ್ ಟಿಕ್ ಎಂದು ಸದ್ದಾಗಿ ಚಾಲೂ ಆಗದಿದ್ದರೆ ಹೆಚ್ಚಿನ ಅನುಮಾನ ಎಲ್.ಒ.ಟಿ.ಯ ಮೇಲೆ, ಅಂದರೆ ಸಾವಿರಾರು ವೋಲ್ಟು ಹುಟ್ಟಿಸುವ ಟ್ರಾನ್ಸ್‌ಫಾರ್ಮರಿನ ಮೇಲೆ. ಮಳೆಗಾಲದಲ್ಲಿ ಸರ್ ಸರ್ ಎಂಬ ಸದ್ದು, ಸಿಡಿಲು ಬಡಿದ ನಂತರದ ಹಾಗಿನ ವಾಸನೆ ಬಂದರೆ ಎಲ್ಲೋ ಬಿರುಕು ಬಿಟ್ಟು ವಿದ್ಯುತ್ತು ಸೋರುತ್ತಿದೆ. ಮೂಲೆಯಲ್ಲಿ ನೇರಳೆ, ಹಸಿರು ಕಲೆ ಕಂಡರೆ ಗಾಬರಿ ಬೇಡ. ಯಾರೋ ಸ್ಪೀಕರ್ ಪಕ್ಕದಲ್ಲಿಟ್ಟು ಅಯಸ್ಕಾಂತ ಹಿಡಿಸಿದ್ದಾರೆ, ಡೀಗಾಸ್ ಮಾಡಿದರೆ ಹೋಗುತ್ತದೆ. ಹಾಕಿ ಹತ್ತು ನಿಮಿಷ ಕಳೆದ ಮೇಲೆ ಮೆಲ್ಲ ಬೆಳಕು ಬಂದರೆ ಟ್ಯೂಬಿಗೇ ವಯಸ್ಸಾಗಿದೆ.

“ಅರ್ಧಕ್ಕರ್ಧ ಕೇಸು ಡ್ರೈ ಸೋಲ್ಡರೇ” ಎಂದರು. ಎಲ್.ಒ.ಟಿ.ಯ ಭಾರಕ್ಕೆ, ದಿನವೂ ಕಾದು ತಣಿಯುವುದಕ್ಕೆ ಅದರ ಕಾಲಿನ ಬೆಸುಗೆ ಸುತ್ತಲೂ ಕೂದಲೆಳೆಯಷ್ಟು ಬಿರಿಯುತ್ತದೆ. ಹೊರಗಿನಿಂದ ಗೊತ್ತೇ ಆಗದು. ಎರಡು ರೂಪಾಯಿಯ ಸೀಸ ಕರಗಿಸಿದರೆ ಸೆಟ್ಟು ಎದ್ದು ಕೂರುತ್ತದೆ. ಸೆಟ್ಟಿನ ತಲೆಗೆ ಬಡಿದರೆ ಚಿತ್ರ ಸರಿಯಾಗುತ್ತಿದ್ದ ಗುಟ್ಟೂ ಇದೇ. ಆ ಬಡಿತಕ್ಕೆ ಬಿರುಕಿನ ಎರಡು ಬದಿ ಕ್ಷಣಕಾಲ ಕೂಡುತ್ತಿತ್ತು, ಅಷ್ಟೆ!

ಎರಡನೆಯ ರೋಗ ಕಂಡೆನ್ಸರುಗಳದ್ದು. ಒಳಗಿನ ದ್ರವ ಬಿಸಿಗೆ ಒಣಗುತ್ತದೆ ಇಲ್ಲವೇ ಸೋರಿ ಬೋರ್ಡನ್ನೇ ತಿನ್ನುತ್ತದೆ. ತಲೆ ಉಬ್ಬಿದ್ದನ್ನು ಕಣ್ಣಿನಲ್ಲೇ ಗುರುತಿಸಬಹುದು. ಒಣಗಿದ್ದು ಮಾತ್ರ ಮೀಟರಿಗೆ ಮಾತ್ರ ಸಿಕ್ಕೀತು. ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜು ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿ ತಡೆಯುವ ಮಾಲಾದರೆ ಉತ್ತಮ. ಬಿಡಿಭಾಗ ಅಂಗಡಿಯಲ್ಲಿ ಈಗಲೂ ಸಿಗುವ ವಸ್ತು ಇದೊಂದೇ ಎನ್ನಬಹುದು.

ಅವರ ಮೇಜಿನ ಮೇಲಿದ್ದ ಸೀರೀಸ್ ಬಲ್ಬಿನ ಬೋರ್ಡಿನ ಬಗ್ಗೆ ಹೇಳಲೇಬೇಕು. ಬಹುಕಾಲ ಮುಚ್ಚಿಟ್ಟ ಸೆಟ್ಟನ್ನು ಅವರು ನೇರ ಪ್ಲಗ್ಗಿಗೆ ಹಾಕುವುದೇ ಇಲ್ಲ. ನಡುವೆ 100 ವಾಟಿನ ಹಳೆ ಮಾದರಿಯ ಬಲ್ಬು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಹೇಳುತ್ತದೆ, ಸೆಟ್ಟು ಬದುಕುತ್ತದೆ. ಸರಿ ಇದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. “ಈಗ ಆ ಬಲ್ಬಿಗೇ ಬರ. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬರುದಿಲ್ಲ” ಎಂದು ಹೇಳಿ, ಡ್ರಾವರಿನಲ್ಲಿ ಪೇಪರು ಸುತ್ತಿ ಜೋಪಾನ ಮಾಡಿದ್ದ ನಾಲ್ಕು ಬಲ್ಬು ತೋರಿಸಿದರು. ಹಳೆಯದನ್ನು ಉಳಿಸಲು ಹಳೆಯದೇ ಬೇಕು ನೋಡಿ.

ಕರಾವಳಿಯ ಶತ್ರುಗಳು

ಬೆಂಗಳೂರಿನ ಒಣಹವೆಯಲ್ಲಿ ಇಪ್ಪತ್ತು ವರ್ಷ ಬಾಳುವ ಸೆಟ್ಟು ನಮ್ಮಲ್ಲಿ ಅಷ್ಟು ಬಾಳದು. ಕಾಪುವಿನಿಂದ ಮಲ್ಪೆಯವರೆಗೆ ಉಪ್ಪಿನ ಗಾಳಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಜೂನಿನಿಂದ ಸಪ್ಟಂಬರಿನವರೆಗೆ ಒಣಗದ ಬಟ್ಟೆ, ಬೂಸ್ಟು ಹಿಡಿದ ಚಪ್ಪಲಿ. ಬೋರ್ಡಿನ ತಾಮ್ರ ಹಸಿರಾಗುತ್ತದೆ, ಕಬ್ಬಿಣದ ಚಾಸಿಸ್ ತುಕ್ಕು ಉದುರಿಸುತ್ತದೆ. ಅದರ ಮೇಲೆ ಮೇ ತಿಂಗಳ ಸಿಡಿಲು, ಕರೆಂಟಿನ ಏರಿಳಿತ.

ಇದು ಸಾಲದೆಂದು ಒಕ್ಕಲುಗಳು ಬೇರೆ. ಬೆಚ್ಚಗಿರುವ ಪೆಟ್ಟಿಗೆ ಎಂದರೆ ಹಲ್ಲಿಗೆ ಪ್ರೀತಿ. ಗಾಳಿಯ ಕಿಂಡಿಯಲ್ಲಿ ಹೊಕ್ಕು ಮೊಟ್ಟೆಯಿಟ್ಟು, ಕೊನೆಗೆ ಎರಡು ತಂತಿಗೆ ಮೈ ತಾಗಿಸಿ ತಾನೂ ಸತ್ತು ಸೆಟ್ಟನ್ನೂ ಕೊಲ್ಲುತ್ತದೆ. ಇರುವೆ, ಜಿರಲೆ, ಮಣ್ಣಿನ ಗೂಡು ಕಟ್ಟುವ ಕಣಜ ಎಲ್ಲದಕ್ಕೂ ಅಲ್ಲಿ ಬಾಡಿಗೆಯಿಲ್ಲದ ಮನೆ. ಮಳೆಗಾಲ ಕಳೆದ ಮೇಲೆ ಬಿಚ್ಚಿದ ಮಾನಿಟರಿನಿಂದ ಮೊದಲು ಹೊರಡುವುದು ಬಿಡಿಭಾಗವಲ್ಲ, ಒಂದು ಹಿಡಿ ಕಸ.

ಕೆಲವು ಹಳೆ ಟರ್ಮಿನಲ್ಲುಗಳಿಗೆ ಮನುಷ್ಯರ ಹಾಗೆಯೇ ಕಣ್ಣಿಗೆ ಪೊರೆ ಬರುತ್ತದೆ. ಟ್ಯೂಬು ಸಿಡಿದರೆ ಚೂರು ಮುಖಕ್ಕೆ ಹಾರದಿರಲೆಂದು ಮುಂಭಾಗಕ್ಕೆ ಇನ್ನೊಂದು ಗಾಜು ಅಂಟಿಸಿರುತ್ತಾರೆ. ನಡುವಿನ ಅಂಟು ಕಾಲಾಂತರದಲ್ಲಿ ಕೊಳೆತು ಬಿಳಿ ಬಿಳಿ ವೃತ್ತಗಳಾಗುತ್ತವೆ. ವಿದೇಶದ ಹವ್ಯಾಸಿಗಳು ಹದವಾದ ಬಿಸಿನೀರಿನ ಶಾಖ ಕೊಟ್ಟು, ಇಲ್ಲವೇ ಬಿಸಿ ತಂತಿಯಲ್ಲಿ ಅಂಟು ಕೊಯ್ದು, ಗಾಜು ಬೇರ್ಪಡಿಸಿ ಚೊಕ್ಕ ಮಾಡಿ ಮತ್ತೆ ಕೂರಿಸುತ್ತಾರೆ. ಕಣ್ಣಿನ ಆಪರೇಷನ್ನಿನಷ್ಟೇ ನಾಜೂಕು. ರಕ್ಷಣೆಯ ಗಾಜು ತೆಗೆದ ಕ್ಷಣದಿಂದ ಟ್ಯೂಬು ಬೆತ್ತಲೆ, ಅದನ್ನು ಮರೆಯಬಾರದು.

ಹಾಗೆಯೇ ಪರದೆಗೆ ಬರೆ ಬೀಳುವುದೂ ಉಂಟು. ಒಂದೇ ಬರಹ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉರಿದರೆ ಆ ಜಾಗದ ಪುಡಿ ಸುಟ್ಟು, ಸೆಟ್ಟು ಬಂದ್ ಮಾಡಿದರೂ ಅಕ್ಷರದ ನೆರಳು ಉಳಿಯುತ್ತದೆ. ಇದಕ್ಕೆ ಔಷಧಿ ಇಲ್ಲ. ಇದನ್ನು ತಪ್ಪಿಸಲೆಂದೇ ಹಾರುವ ನಕ್ಷತ್ರ, ಓಡುವ ಕೊಳವೆಗಳ ಸ್ಕ್ರೀನ್ ಸೇವರ್ ಹುಟ್ಟಿದ್ದು. ನಾವದನ್ನು ಅಲಂಕಾರವೆಂದು ತಿಳಿದದ್ದು.

ಕೈ ಹಾಕಬೇಡಿ

ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಓದಿದ ಹುಮ್ಮಸ್ಸಿನಲ್ಲಿ ಯಾರೂ ಸ್ಕ್ರೂಡ್ರೈವರ್ ಹಿಡಿದು ಅಟ್ಟ ಹತ್ತಬಾರದು. ಸಣ್ಣ ಕಪ್ಪು-ಬಿಳುಪು ಟ್ಯೂಬಿನಲ್ಲೇ ಹನ್ನೆರಡು, ಹದಿನೈದು ಸಾವಿರ ವೋಲ್ಟು. ಬಣ್ಣದ್ದಾದರೆ 25 ಸಾವಿರದವರೆಗೆ. ಪ್ಲಗ್ಗು ತೆಗೆದರೂ ಟ್ಯೂಬು ಆ ಚಾರ್ಜನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳಬಲ್ಲದು. ಮುಖ್ಯ ಫಿಲ್ಟರ್ ಕಂಡೆನ್ಸರಿನಲ್ಲಿ ನಿಂತ ಮುನ್ನೂರು ಚಿಲ್ಲರೆ ವೋಲ್ಟು ಡಿ.ಸಿ. ಅದಕ್ಕಿಂತ ಅಪಾಯಕಾರಿ, ಅದು ಹಿಡಿದರೆ ಬಿಡದು. ನಮ್ಮ ಮೆಕ್ಯಾನಿಕರು ಸ್ಕ್ರೂಡ್ರೈವರಿನ ಲೋಹಕ್ಕೆ ತಂತಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಹೊರಮೈಗೆ ಬಿಗಿದ ಅರ್ತಿನ ಜಾಲರಿಗೆ ಸಿಕ್ಕಿಸಿ, ರಬ್ಬರ್ ಟೊಪ್ಪಿಯ ಅಡಿಗೆ ತುದಿ ತೂರಿಸಿ ಚಾರ್ಜು ಇಳಿಸುವಾಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ವಿದ್ಯುತ್ತು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹೋಗದಿರಲೆಂದು ಈ ಪದ್ಧತಿ. ಗುರುಗಳಿಂದ ನೋಡಿ ಕಲಿತದ್ದೇ ಹೊರತು ಪುಸ್ತಕದಿಂದಲ್ಲ.

ಇನ್ನು ಒಡೆಯುವ ವಿಚಾರ. 14 ಇಂಚಿನ ಪರದೆಯ ಮುಖದ ಮೇಲೆ ಹೊರಗಿನ ಗಾಳಿ ಹೇರುವ ಭಾರ ಲೆಕ್ಕ ಹಾಕಿದರೆ ಸುಮಾರು ಅರ್ಧ ಟನ್ನು ದಾಟುತ್ತದೆ. ಒಳಗೆ ಗಾಳಿಯೇ ಇಲ್ಲ. ಕಲ್ಲು ಬಿದ್ದರೆ ಮೊದಲು ಒಳಕ್ಕೆ ಕುಸಿದು ಆಮೇಲೆ ಚೂರುಗಳು ಹೊರಕ್ಕೆ ಚಿಮ್ಮುತ್ತವೆ. ಬಣ್ಣದ ಟ್ಯೂಬಿನ ಹಿಂಭಾಗದ ಆಲಿಕೆಯಂಥ ಗಾಜಿನಲ್ಲಿ ಐದನೆಯ ಒಂದು ಪಾಲಿನಷ್ಟು ಸೀಸದ ಆಕ್ಸೈಡು ಇರುತ್ತದೆ, ಕ್ಷ-ಕಿರಣ ಹೊರ ಬಾರದಂತೆ ತಡೆಯಲು. ಗಾತ್ರಕ್ಕನುಗುಣವಾಗಿ ಒಂದೊಂದು ಟ್ಯೂಬಿನಲ್ಲಿ ಕಿಲೋಗಟ್ಟಲೆ ಸೀಸ. ಒಳಬದಿಯ ಪುಡಿಯೂ ಮೈಗೆ ಒಳ್ಳೆಯದಲ್ಲ. ಪುಡಿಯಾಗಿ ತೋಡಿನ ಬದಿಯಲ್ಲಿ ಬಿದ್ದದ್ದು ಮಳೆಗೆ ಪಾಪನಾಶಿನಿಗೋ, ಯಾರದೋ ಬಾವಿಗೋ ಇಳಿಯದೆಂದು ಯಾರು ಹೇಳಬಲ್ಲರು?

2023ರ ಏಪ್ರಿಲಿನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವನ್ನು ಕಳಚುವುದು, ಒಡೆಯುವುದು ನೋಂದಾಯಿತ ಘಟಕಗಳ ಕೆಲಸ. ಗುಜರಿ ಗಾಡಿಗೆ ಹಾಕುವುದೂ ತಪ್ಪು, ಪಂಚಾಯತಿನ ಒಣಕಸದ ಚೀಲಕ್ಕೆ ತುರುಕುವುದೂ ತಪ್ಪು. ಕಾನೂನು ಉಂಟು. ಆದರೆ ಹಳ್ಳಿಯವ ಆ ಭಾರ ಹೊತ್ತು ಎಲ್ಲಿಗೆ ಹೋಗಬೇಕು? ವರ್ಷಕ್ಕೆರಡು ಬಾರಿ ಪಂಚಾಯತಿನವರು ದಿನ ಗೊತ್ತು ಮಾಡಿ, ಲಾರಿ ನಿಲ್ಲಿಸಿ, ಸೆಟ್ಟುಗಳನ್ನು ಇಡಿಯಾಗಿ ಸಂಗ್ರಹಿಸಿದರೆ ಅರ್ಧ ತೊಂದರೆ ತಪ್ಪೀತು. ಆ ಲಾರಿ ಹೊರಡುವ ಮೊದಲು ತಿಳಿದವರೊಬ್ಬರು ಒಮ್ಮೆ ಕಣ್ಣಾಡಿಸಿದರೆ ಉಳಿದರ್ಧವೂ ಆದೀತು. ಯಾಕೆಂದರೆ ಆ ರಾಶಿಯಲ್ಲೇ ಇಡಬೇಕಾದ್ದು ಒಂದೆರಡು ಇರುತ್ತದೆ.

ಯಾವುದನ್ನು ಇಡಬೇಕು, ಹೇಗೆ?

ಎಲ್ಲವನ್ನೂ ಇಡುವುದು ಹುಚ್ಚು. ತೊಂಬತ್ತರ ದಶಕದ ಕೊನೆಯ, ಹದಿನೈದು ಪಿನ್ನಿನ ಪ್ಲಗ್ಗಿನ ಬಣ್ಣದ ಮಾನಿಟರು ಲೆಕ್ಕವಿಲ್ಲದಷ್ಟು ಬಂದಿತ್ತು. ಊರಿಗೆ ನಾಲ್ಕು ಉಳಿದರೆ ಸಾಕು. ಒಂಬತ್ತು ಪಿನ್ನಿನ ಪ್ಲಗ್ಗಿರುವ ಹಸಿರು, ಅರಶಿನ ಪರದೆಯದ್ದು ಸಿಕ್ಕಿದರೆ ಮಾತ್ರ ಬಿಡಬಾರದು. ಅದನ್ನು ಸಿಕ್ಕಿದ ಕಂಪ್ಯೂಟರಿಗೆ ಸಿಕ್ಕಿಸಿ ನೋಡುವುದೂ ಕೂಡದು. ಆ ಐ.ಬಿ.ಎಂ. ಮಾದರಿಯ ಹಸಿರು ಪರದೆಗೆ ಹೊಂದದ ಕಾರ್ಡಿನ ಸಂಕೇತ ಹೋದರೆ ಒಳಗಿನ ಭಾಗವೇ ಸುಟ್ಟೀತು.

ರಿಪೇರಿಗೂ ಸಂರಕ್ಷಣೆಗೂ ಜಗಳ ಹುಟ್ಟುವುದು ಇಲ್ಲಿಯೇ. ಟ್ಯೂಬು ಮಂಕಾದಾಗ ಕತ್ತಿನ ತಂತಿಗೆ 6.3 ವೋಲ್ಟಿನ ಬದಲು ಸ್ವಲ್ಪ ಹೆಚ್ಚು ಕೊಟ್ಟು ‘ಬೂಸ್ಟ್’ ಮಾಡುವುದು ಮೆಕ್ಯಾನಿಕರ ಹಳೆ ವಿದ್ಯೆ. ಅಂಗಡಿಯ ಸೆಟ್ಟಿಗೆ ಸರಿ, ಇನ್ನೆರಡು ವರ್ಷ ಓಡೀತು. ಇಡಬೇಕೆಂದಿರುವ ವಸ್ತುವಿಗೆ ಅದು ಆಯುಸ್ಸು ಕಿತ್ತುಕೊಂಡ ಹಾಗೆ. ಕೆಲವರು ಗಾಜಿನ ಟ್ಯೂಬನ್ನೇ ತೆಗೆದು ಹಳೆ ಪೆಟ್ಟಿಗೆಯೊಳಗೆ ಚಪ್ಪಟೆ ಪರದೆ ಕೂರಿಸಿ ‘ಉಳಿಸಿದೆವು’ ಎನ್ನುತ್ತಾರೆ. ಹಳೆ ಗುಡಿಯ ಜೀರ್ಣೋದ್ಧಾರವೆಂದು ಮುರಕಲ್ಲು ಕಿತ್ತು ಟೈಲ್ಸ್ ಹಾಸಿದ ಕತೆ. ಈ ಅಂಕಣಕಾರನ ಮಟ್ಟಿಗೆ ಅದು ಉಳಿಸಿದ್ದಲ್ಲ, ವೇಷ ಕಟ್ಟಿದ್ದು. ಕಂಡೆನ್ಸರು ಬದಲಿಸಿ, ಬೆಸುಗೆ ಹಾಕಿ, ತೆಗೆದ ಹಳೆ ಭಾಗಗಳನ್ನು ಲಕೋಟೆಯಲ್ಲಿ ಹಾಕಿ ಸೆಟ್ಟಿನ ಜೊತೆಗೇ ಇಡಲಿ. ಟ್ಯೂಬು ಮಾತ್ರ ಅದೇ ಇರಲಿ, ಮಂಕಾದರೂ ಅಡ್ಡಿಯಿಲ್ಲ.

ಹೊಸ ಟ್ಯೂಬು ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಬೆಂಗಳೂರಿನ ಬಿ.ಇ.ಎಲ್. ಒಂದು ಕಾಲದಲ್ಲಿ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬು ತಯಾರಿಸುತ್ತಿತ್ತು. ಉತ್ತರದಲ್ಲಿ ಸಾಮ್‌ಟೆಲ್ ಇತ್ತು. ಆ ತಯಾರಿಕೆ ನಿಂತು ವರ್ಷಗಳಾದವು. ಒಂದು ಟ್ಯೂಬಿನ ಕತ್ತು ಮುರಿದರೆ ಜಗತ್ತಿನಲ್ಲಿ ಒಂದು ಕಡಿಮೆಯಾಯಿತು ಎಂದೇ ಲೆಕ್ಕ. ಕತ್ತಿನ ಸಾಕೆಟನ್ನು ಒರಟಾಗಿ ಎಳೆದರೆ ಅಷ್ಟೇ ಸಾಕು, ಸುಯ್ ಎಂದು ಗಾಳಿ ಹೊಗುತ್ತದೆ. ಕತ್ತಿನ ಒಳಗೆ ಕಾಣುವ ಬೆಳ್ಳಿಯಂಥ ಕಲೆ ಹಾಲಿನ ಹಾಗೆ ಬಿಳಿಯಾಗಿದ್ದರೆ ಆ ಟ್ಯೂಬಿನ ಕತೆ ಮುಗಿದಿದೆ ಎಂದು ತಿಳಿಯಿರಿ.

ಇಡುವ ಜಾಗ ಎಲ್ಲಿ ಎಂಬುದು ದೊಡ್ಡ ಪ್ರಶ್ನೆ. ದುಡ್ಡಿದ್ದರೆ ಆಯಿತು ಎನ್ನುವಂತಿಲ್ಲ. ಮೈಕ್ರೋಸಾಫ್ಟ್ ಸ್ಥಾಪಕರಲ್ಲೊಬ್ಬರಾದ ಪಾಲ್ ಆಲನ್ ಅಮೆರಿಕದ ಸಿಯಾಟಲಿನಲ್ಲಿ ಹಳೆ ಕಂಪ್ಯೂಟರುಗಳನ್ನು ಚಾಲೂ ಸ್ಥಿತಿಯಲ್ಲೇ ತೋರಿಸುವ ಮ್ಯೂಸಿಯಂ ಕಟ್ಟಿಸಿ 2012ರಲ್ಲಿ ಜನರಿಗೆ ತೆರೆದಿದ್ದರು. ಅವರು 2018ರಲ್ಲಿ ತೀರಿಕೊಂಡರು. 2020ರಲ್ಲಿ ಬಾಗಿಲು ಹಾಕಿದ ಮ್ಯೂಸಿಯಂ ಮತ್ತೆ ತೆರೆಯಲೇ ಇಲ್ಲ. 2024ರಲ್ಲಿ ವಸ್ತುಗಳು ಏಲಂಗೆ ಬಂದವು. ನಮ್ಮ ದೇಶದಲ್ಲೇ ಮುಂಬಯಿಯ ಟಾಟಾ ಸಂಸ್ಥೆಯಲ್ಲಿ 1960ರಲ್ಲಿ ಚಾಲೂ ಆದ ‘ಟಿಫ್ರಾಕ್’ ಕಂಪ್ಯೂಟರಿಗೆ ಆ ಕಾಲಕ್ಕೇ ಚಿತ್ರ ತೋರಿಸುವ ಟ್ಯೂಬು ಜೋಡಿಸಿದ್ದರು ಎಂದರೆ ಇಂದಿನ ಇಂಜಿನಿಯರಿಂಗ್ ಹುಡುಗರು ನಂಬುವುದಿಲ್ಲ.

ನಂಬಿಸಲು ನಮ್ಮ ಪಕ್ಕದಲ್ಲೇ ದಾರಿ ಉಂಟು. ಮಣಿಪಾಲದ ವಿಜಯನಾಥ ಶೆಣೈಯವರು ಜನ ಸೌದೆಗೆ, ಗುಜರಿಗೆ ಕೊಡುತ್ತಿದ್ದ ಬಾಗಿಲು, ಕಂಬ, ಕೊನೆಗೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿ ಹಸ್ತಶಿಲ್ಪದ ಪರಂಪರೆಯ ಗ್ರಾಮ ಮಾಡಿದರು. ಮೊದಮೊದಲು ಅವರನ್ನು ನೋಡಿ ನಕ್ಕವರೂ ಇದ್ದಿರಬಹುದು. ಅವರು 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆ ಮನೆಯಲ್ಲೇ ಕಾರ್ಪೊರೇಷನ್ ಬ್ಯಾಂಕು ನಾಣ್ಯಗಳ ಸಂಗ್ರಹಾಲಯ ಮಾಡಿತು. ನಾಣ್ಯದ ಪಕ್ಕದಲ್ಲಿ, ಆ ನಾಣ್ಯದ ಲೆಕ್ಕ ಮೂಡಿಸುತ್ತಿದ್ದ ಒಂದು ಹಸಿರು ಪರದೆ ಇದ್ದರೆ ಯಾರಿಗೆ ನಷ್ಟ? 1957ರಿಂದ ಇಂಜಿನಿಯರುಗಳನ್ನು ತಯಾರಿಸುತ್ತಿರುವ ಎಂ.ಐ.ಟಿ. ಕಾಲೇಜು ಕೂಗಳತೆಯಲ್ಲಿದೆ. ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರ ಇದೆ. ಹತ್ತು ಸೆಟ್ಟು, ಒಂದು ತೇವವಿಲ್ಲದ ಕೋಣೆ, ತಿಂಗಳಿಗೊಮ್ಮೆ ಸೀರೀಸ್ ಬಲ್ಬಿನ ಮೂಲಕ ಅರ್ಧ ಗಂಟೆ ಚಾಲೂ ಮಾಡಲು ಒಬ್ಬ ಅನುಭವಸ್ಥ, ಅವರ ಬಳಿ ಕಲಿಯಲು ಇಬ್ಬರು ಹುಡುಗರು. ಬೇಕಾದ್ದು ಇಷ್ಟೆ. ಮೊದಲ ಎರಡನ್ನು ದುಡ್ಡಿನಲ್ಲಿ ತರಬಹುದು. ಮೂರನೆಯವರಿಗೆ ವಯಸ್ಸಾಗುತ್ತಿದೆ.

ನಾನು ಕಂಡ ಮೆಕ್ಯಾನಿಕರ ಬಳಿ ಒಂದು ನೂರು ಪುಟದ ನೋಟ್ ಪುಸ್ತಕ ಉಂಟು. ಯಾವ ಕಂಪೆನಿಯ ಯಾವ ಸೆಟ್ಟಿಗೆ ಯಾವ ಎಲ್.ಒ.ಟಿ. ಹೊಂದುತ್ತದೆ, ಯಾವ ಐ.ಸಿ.ಗೆ ಬದಲಿ ಯಾವುದು, ಯಾವ ಕಾಲಿನಲ್ಲಿ ಎಷ್ಟು ವೋಲ್ಟು ಬರಬೇಕು ಎಂದು ಪೆನ್ಸಿಲಿನಲ್ಲಿ ಬರೆದದ್ದು. ಮೂಲೆಗಳನ್ನು ಗೆದ್ದಲು ತಿಂದಿದೆ. ಯಾರಿಗಾದರೂ ಕೊಡ್ತೀರಾ ಎಂದು ಕೇಳಿದೆ.

“ಓದ್ಲಿಕ್ಕೆ ಬರುವವ ಬಂದ್ರೆ ಕೊಡುವ. ಝೆರಾಕ್ಸ್ ಮಾಡಿಸಿ ವಾಪಸು ಕೊಡ್ಬೇಕು, ಅಷ್ಟೆ” ಎಂದರು.

ಮನೆಯಲ್ಲಿ ಇಂಥ ಸೆಟ್ಟು ಇಟ್ಟುಕೊಂಡವರು ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಗಾಜಿನ ಮುಖ ಒಳಬದಿಗೆ ಮಾಡಿ ಇಡಿ. ಪ್ಲಾಸ್ಟಿಕ್ ಹೊದೆಸಬೇಡಿ, ತೇವ ಕಟ್ಟುತ್ತದೆ. ಹತ್ತಿ ಬಟ್ಟೆ ಸಾಕು. ಕಿಂಡಿಗಳಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದರೆ ಹಲ್ಲಿ ಹೋಗದು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಕಂಪೆನಿಯ ಹೆಸರು, ಮಾದರಿ ಸಂಖ್ಯೆ, ಇಸವಿ ಇರುತ್ತದೆ. ಅದನ್ನು, ಜೊತೆಗೆ ಪ್ಲಗ್ಗಿಗೆ ಎಷ್ಟು ಪಿನ್ನು ಎಂಬುದನ್ನು ಬರೆದು ಈ ಅಂಕಣದ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಅಲೆವೂರು, ಮಣಿಪಾಲ, ಕಾಪು, ಕಾರ್ಕಳದಿಂದ ಬಂದದ್ದನ್ನೆಲ್ಲ ಪಟ್ಟಿ ಮಾಡಿ ಮುಂದಿನ ತಿಂಗಳು ಇದೇ ಜಾಗದಲ್ಲಿ ಹಾಕುತ್ತೇವೆ.